ಕುಣಿತ ಮತ್ತು ಚಲನೆಯ ಮೂಲಕ ಪಾಠ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ಹಿರಿಯ ಪ್ರಾಥಮಿಕ ಮತ್ತು ಪ್ರೌಢ ತರಗತಿಗಳಲ್ಲಿ ಹಲವು ವರ್ಷಗಳಿಂದ ಹೆಜ್ಜೆ, ತಾಳ ಮತ್ತು ಅಭಿನಯಗಳನ್ನು ಪಾಠದೊಳಕ್ಕೆ ತರುತ್ತಾ ಬಂದಿದ್ದೇನೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಸಹೋದ್ಯೋಗಿಗಳು ಈ ಬಗ್ಗೆ ಕೇಳಿದ ಪ್ರಶ್ನೆಗಳನ್ನೂ ಅವುಗಳಿಗೆ ನನಗೆ ತೋಚಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಕುಣಿತದ ಮೂಲಕ ಪಾಠ ಎಂದರೆ ವಾರ್ಷಿಕೋತ್ಸವದ ನೃತ್ಯವನ್ನೇ ತರಗತಿಗೆ ತರುವುದೇ?

ಅಲ್ಲ. ವಾರ್ಷಿಕೋತ್ಸವದಲ್ಲಾಗಲಿ ಪ್ರತಿಭಾ ಕಾರಂಜಿಯಲ್ಲಾಗಲಿ ನೋಡುವವರಿಗೆ ಚೆನ್ನಾಗಿ ಕಾಣುವುದು ಮುಖ್ಯ. ತರಗತಿಯಲ್ಲಿ ಕುಣಿಯುವ ಮಗುವಿಗೆ ಪಾಠ ಅರ್ಥವಾಗುವುದು ಮುಖ್ಯ. ಸೌರಮಂಡಲದ ಬಗ್ಗೆ ಒಂದು ಹಾಡು ಹಾಕಿ ಮಕ್ಕಳಿಂದ ಚಪ್ಪಾಳೆ ತಟ್ಟಿಸಿ ಕುಣಿಸಿದರೆ ಉತ್ಸಾಹ ಬರುತ್ತದೆ, ಆದರೆ ಆ ಹೆಜ್ಜೆಗಳಿಗೂ ಗ್ರಹಗಳ ಚಲನೆಗೂ ಯಾವ ಸಂಬಂಧವೂ ಇರುವುದಿಲ್ಲ. ನಾನು ಪ್ರತಿ ಪಾಠ ಯೋಜನೆಗೂ ಒಂದೇ ಪರೀಕ್ಷೆ ಒಡ್ಡುತ್ತೇನೆ: ಈ ಕುಣಿತವನ್ನು ತೆಗೆದುಹಾಕಿದರೆ ಪಾಠದ ತಿರುಳಿನಲ್ಲಿ ಏನಾದರೂ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ಅದು ಬರೀ ಅಲಂಕಾರ, ಅದಕ್ಕಾಗಿ ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ಕೊಡುವುದು ಸರಿಯಲ್ಲ. ಪರಿಕಲ್ಪನೆ ಮಾಡುವ ಕೆಲಸವನ್ನು ಮಗುವಿನ ದೇಹವೇ ಮಾಡುತ್ತಿರಬೇಕು. ಮುಂದಿನ ಉದಾಹರಣೆಗಳನ್ನೆಲ್ಲ ಈ ಒಂದು ಅಳತೆಗೋಲಿನಿಂದಲೇ ಆರಿಸಿದ್ದೇನೆ.

ಇದು ಹೊಸ ಶಿಕ್ಷಣ ನೀತಿಯಿಂದ ಬಂದ ಹೊಸ ಹೊರೆಯೇ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯನ್ನು ಇತರ ವಿಷಯಗಳ ಕಲಿಕೆಯೊಂದಿಗೆ ಬೆಸೆಯಬೇಕೆಂದು ಹೇಳುವುದು ನಿಜ, ಆದರೆ ಆಲೋಚನೆ ಅದಕ್ಕಿಂತ ಬಹಳ ಹಳೆಯದು. ಸ್ವಿಟ್ಜರ್‌ಲೆಂಡಿನ ಸಂಗೀತ ಶಿಕ್ಷಕ ಎಮಿಲ್ ಜಾಕ್ ಡಾಲ್‌ಕ್ರೋಜ್ (1865–1950) ಲಯವನ್ನು ದೇಹದ ಚಲನೆಯಿಂದಲೇ ಕಲಿಸುವ ಪದ್ಧತಿಯನ್ನು ರೂಪಿಸಿದರು. ರವೀಂದ್ರನಾಥ ಠಾಕೂರರು ಶಾಂತಿನಿಕೇತನದ ಶಿಕ್ಷಣದಲ್ಲಿ ನೃತ್ಯಕ್ಕೆ ಜಾಗ ಕೊಟ್ಟರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ನಮ್ಮ ಮಗ್ಗುಲಲ್ಲೇ ಹುಡುಕುವುದಾದರೆ, ಇಂದು ರಾಜ್ಯದಾದ್ಯಂತ ಒಂದರಿಂದ ಮೂರನೆಯ ತರಗತಿಯವರೆಗೆ ಬಳಕೆಯಲ್ಲಿರುವ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಆಶ್ಚರ್ಯವೆಂದರೆ ಮೂರನೆಯ ತರಗತಿಯವರೆಗೆ ನಲಿಯುತ್ತಾ ಕಲಿತ ಮಗುವನ್ನು ನಾವು ನಾಲ್ಕನೆಯ ತರಗತಿಗೆ ಬಂದ ದಿನವೇ ಬೆಂಚಿಗೆ ಅಂಟಿಸಿಬಿಡುತ್ತೇವೆ.

ಗಣಿತಕ್ಕೂ ಕುಣಿತಕ್ಕೂ ಏನು ಸಂಬಂಧ?

ಸಂಬಂಧ ಎಲ್ಲಕ್ಕಿಂತ ಗಟ್ಟಿಯಾಗಿರುವುದು ಇಲ್ಲೇ. ಲಘುತಮ ಸಾಮಾನ್ಯ ಅಪವರ್ತ್ಯದಿಂದ, ಅಂದರೆ ಲ.ಸಾ.ಅ.ದಿಂದ ಆರಂಭಿಸಬಹುದು. ತರಗತಿಯನ್ನು ಎರಡು ಗುಂಪು ಮಾಡಿ, ಮೊದಲ ಗುಂಪು ಮೂರರ ಎಣಿಕೆಯಲ್ಲಿಯೂ ಎರಡನೆಯದು ನಾಲ್ಕರ ಎಣಿಕೆಯಲ್ಲಿಯೂ ಹೆಜ್ಜೆ ಹಾಕಲಿ. ಪ್ರತಿ ಆವರ್ತದ ಮೊದಲ ಹೆಜ್ಜೆಗೆ ಮಾತ್ರ ಚಪ್ಪಾಳೆ ಇರಲಿ. ಇಬ್ಬರೂ ಒಟ್ಟಿಗೆ ಆರಂಭಿಸಿದರೆ ಮತ್ತೆ ಒಟ್ಟಿಗೆ ಚಪ್ಪಾಳೆ ಬೀಳುವುದು 12 ಎಣಿಕೆ ಮುಗಿದ ಮೇಲೆ. ಈಗ ನಾಲ್ಕು ಮತ್ತು ಆರರ ಎಣಿಕೆಯನ್ನು ಕೊಡಿ. ಎರಡೂ ಸಂಖ್ಯೆಗಳನ್ನು ಗುಣಿಸುವ ಅಭ್ಯಾಸವಿರುವ ಮಕ್ಕಳು 24 ಎಂದು ಊಹಿಸುತ್ತಾರೆ, ಆದರೆ ಚಪ್ಪಾಳೆ 12ಕ್ಕೇ ಕೂಡಿಬಿಡುತ್ತದೆ. ‘ಯಾಕೆ ಮೊದಲೇ ಕೂಡಿತು’ ಎಂದು ಮಗು ತಾನಾಗಿ ಕೇಳಿದಾಗ, ಸಾಮಾನ್ಯ ಅಪವರ್ತನ ಎಂಬ ಮಾತನ್ನು ಆಡುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಕರ್ನಾಟಕ ಸಂಗೀತದ ತಾಳಗಳು ಗೊತ್ತಿರುವ ಮಕ್ಕಳಿದ್ದರೆ ಎಂಟರ ಆದಿತಾಳಕ್ಕೆ ಐದರ ಖಂಡಗತಿಯ ಹೆಜ್ಜೆಯನ್ನು ಕೂಡಿಸಿ 40ರವರೆಗೂ ಹೋಗಬಹುದು.

ಕೋಲಾಟ ಇದಕ್ಕಿಂತಲೂ ಸ್ವಾರಸ್ಯಕರ. ಎಂಟು ಜೋಡಿಗಳು ಒಳವೃತ್ತ ಮತ್ತು ಹೊರವೃತ್ತವಾಗಿ ಎದುರುಬದುರು ನಿಲ್ಲಲಿ. ಒಮ್ಮೆ ಕೋಲು ತಾಗಿಸಿದ ಮೇಲೆ ಒಳವೃತ್ತದವರು ಒಂದು ಸ್ಥಾನ ಬಲಕ್ಕೂ ಹೊರವೃತ್ತದವರು ಒಂದು ಸ್ಥಾನ ತಮ್ಮ ಬಲಕ್ಕೂ ಸರಿದರೆ, ಎದುರುಬದುರು ನಿಂತಿರುವುದರಿಂದ ಎರಡು ವೃತ್ತಗಳೂ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ. ನಾಲ್ಕು ಸರಿತದ ನಂತರ ಮೊದಲ ಜೊತೆಗಾರ ಮತ್ತೆ ಎದುರಿಗೆ ಬರುತ್ತಾನೆ, ಮತ್ತು ಉಳಿದ ನಾಲ್ವರ ಕೋಲಿಗೆ ನಮ್ಮ ಕೋಲು ಎಷ್ಟು ಹೊತ್ತು ಆಡಿದರೂ ತಾಗುವುದೇ ಇಲ್ಲ. ಒಂದು ಜೋಡಿಯನ್ನು ಕೂರಿಸಿ ಏಳು ಜೋಡಿಗಳಿಂದ ಆಡಿಸಿದರೆ ಏಳೂ ಜನ ಸಿಗುತ್ತಾರೆ. ಪ್ರತಿ ಬಾರಿಯೂ ಸಾಪೇಕ್ಷವಾಗಿ ಎರಡು ಸ್ಥಾನ ಸರಿಯುತ್ತಿರುವುದರಿಂದ ಸಮಸಂಖ್ಯೆಯ ಜೋಡಿಗಳಿದ್ದಾಗ ಅರ್ಧದಷ್ಟು ಜನ ತಪ್ಪಿಹೋಗುತ್ತಾರೆ, ಬೆಸಸಂಖ್ಯೆಯಿದ್ದಾಗ ತಪ್ಪುವುದಿಲ್ಲ. ಈ ಕಾರಣವನ್ನು ಏಳನೆಯ ತರಗತಿಯ ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು ತಾವೇ ಕಂಡುಹಿಡಿಯಬಲ್ಲರು. ಕಂಬಕ್ಕೆ ಕಟ್ಟಿದ ಹಗ್ಗಗಳನ್ನು ಹೆಣೆಯುವ ಜಡೆ ಕೋಲಾಟ ಊರಿನಲ್ಲಿದ್ದರೆ, ಹೆಣೆದ ಜಡೆಯನ್ನು ಬಿಚ್ಚಲು ಹೆಜ್ಜೆಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಹಾಕಬೇಕೆಂಬುದನ್ನು ತೋರಿಸಿ; ವಿಲೋಮ ಕ್ರಿಯೆ ಎಂಬ ಪದ ಆಮೇಲೆ ಬರಲಿ.

ಕನ್ನಡ ಪಾಠದಲ್ಲಿ ಪದ್ಯಕ್ಕೆ ಅಭಿನಯ ಮಾಡಿಸುವುದಷ್ಟೇ ಸಾಧ್ಯವೇ?

ಅಭಿನಯಕ್ಕಿಂತ ದೊಡ್ಡ ಲಾಭ ಛಂದಸ್ಸಿನಲ್ಲಿದೆ. ಪ್ರಸ್ತಾರ ಹಾಕುವುದೆಂದರೆ ಪ್ರೌಢಶಾಲೆಯ ಮಕ್ಕಳಿಗೆ ಅಕ್ಷರದ ತಲೆಯ ಮೇಲೆ ಗುರುತು ಹಾಕುವ ಯಾಂತ್ರಿಕ ಕೆಲಸವಾಗಿಬಿಟ್ಟಿದೆ. ಅದನ್ನು ಕಾಲಿಗೆ ಇಳಿಸಬೇಕು: ಲಘುವಿಗೆ ಒಂದು ಎಣಿಕೆಯ ಪುಟ್ಟ ಹೆಜ್ಜೆ, ಗುರುವಿಗೆ ಎರಡು ಎಣಿಕೆ ಊರಿ ನಿಲ್ಲುವ ಹೆಜ್ಜೆ. ಪರಿಚಿತ ಹೆಸರುಗಳಿಂದ ಆರಂಭಿಸುವುದು ಒಳ್ಳೆಯದು. ‘ಕಬಿನಿ’ ಎಂದರೆ ಮೂರು ಪುಟ್ಟ ಹೆಜ್ಜೆ, ಮೂರು ಮಾತ್ರೆ. ‘ಶಿಂಷಾ’ ಎಂದರೆ ಎರಡು ಊರು ಹೆಜ್ಜೆ, ನಾಲ್ಕು ಮಾತ್ರೆ. ‘ಕಬ್ಬು’ ಎನ್ನುವಾಗ ‘ಕ’ ಹ್ರಸ್ವವಾಗಿದ್ದರೂ ಮುಂದೆ ಒತ್ತಕ್ಷರ ಬಂದಿರುವುದರಿಂದ ನಾಲಗೆ ಅಲ್ಲಿ ಊರಿಕೊಳ್ಳುತ್ತದೆ, ಕಾಲೂ ಊರಿಕೊಳ್ಳುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬರುವುದಿಲ್ಲ. ‘ಮಂಡ್ಯ’ ಮೂರು ಮಾತ್ರೆ, ‘ಮೈಸೂರು’ ಐದು. ಮಕ್ಕಳು ತಮ್ಮ ತಮ್ಮ ಹೆಸರುಗಳನ್ನು ನಡೆದು ತೋರಿಸಲು ಮುಗಿಬೀಳುತ್ತಾರೆ, ಹೆಸರಿನಲ್ಲಿ ಮಾತ್ರೆ ಹೆಚ್ಚಿರುವವರಿಗೆ ಅದೊಂದು ಹೆಮ್ಮೆಯೂ ಆಗಿಬಿಡುತ್ತದೆ.

ಮುಂದಿನ ಹಂತದಲ್ಲಿ ‘ಕಬಿನಿ ಶಿಂಷಾ, ಕಬಿನಿ ಶಿಂಷಾ’ ಎಂದು ಹೇಳಿಸುತ್ತಾ ಸಾಲಾಗಿ ನಡೆಸಿ. ಮೂರು, ನಾಲ್ಕು, ಮೂರು, ನಾಲ್ಕು: ಒಟ್ಟು 14 ಮಾತ್ರೆ. ಕುಮಾರವ್ಯಾಸನು ಬಳಸಿದ ಭಾಮಿನೀ ಷಟ್ಪದಿಯ ಒಂದನೆಯ, ಎರಡನೆಯ, ನಾಲ್ಕನೆಯ ಮತ್ತು ಐದನೆಯ ಸಾಲುಗಳ ನಡಿಗೆ ಇದೇ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಈ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ನಿಲ್ಲುತ್ತದೆ, ಅಂದರೆ 23 ಮಾತ್ರೆ. ಆ ಕೊನೆಯ ಗುರುವಿಗೆ ಇಡೀ ಸಾಲು ತಟ್ಟನೆ ನಿಂತಾಗ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಅಲ್ಲಿ ಏಕೆ ತಂಗುತ್ತಾರೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಆರು ಸಾಲುಗಳ ಒಟ್ಟು ಮಾತ್ರೆ 102 ಎಂಬ ಲೆಕ್ಕವನ್ನು ಮಕ್ಕಳೇ ಹಾಕಲಿ. ಆನಂತರ ಪಠ್ಯದಲ್ಲಿರುವ ಪದ್ಯವನ್ನು ತೆಗೆದುಕೊಂಡು ನಡೆಸಿದರೆ, ಪ್ರಸ್ತಾರದಲ್ಲಿ ಎಲ್ಲಿ ತಪ್ಪಾಗಿದೆಯೋ ಅಲ್ಲಿ ಕಾಲು ಎಡವುತ್ತದೆ. ತಪ್ಪು ಹುಡುಕಲು ಕೆಂಪು ಶಾಯಿ ಬೇಕಾಗುವುದಿಲ್ಲ.

ವಿಜ್ಞಾನದ ಪಾಠದಲ್ಲಿ ತಪ್ಪು ಕಲ್ಪನೆಗಳು ಹುಟ್ಟುವ ಅಪಾಯವಿಲ್ಲವೇ?

ಇದೆ, ಮತ್ತು ಆ ತಪ್ಪನ್ನು ನಾನೇ ಮಾಡಿದ್ದೇನೆ. ಒಮ್ಮೆ ವಸ್ತುಗಳ ಉಷ್ಣ ವ್ಯಾಕೋಚನವನ್ನು ಕಲಿಸುವಾಗ ಮಕ್ಕಳನ್ನು ಕಣಗಳನ್ನಾಗಿ ನಿಲ್ಲಿಸಿ, ‘ಶಾಖ ಹೆಚ್ಚಿದಂತೆ ಕೈಗಳನ್ನು ಅಗಲಿಸಿ’ ಎಂದು ಹೇಳಿದೆ. ನೋಡಲು ಬಹಳ ಚೆನ್ನಾಗಿತ್ತು. ಮುಂದಿನ ಕಿರುಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಶಾಖ ಕೊಟ್ಟಾಗ ಕಣಗಳು ದಪ್ಪಗಾಗುತ್ತವೆ’ ಎಂದು ಬರೆದಿದ್ದರು. ಅವರು ಬರೆದದ್ದು ನಾನು ಕುಣಿಸಿದ್ದನ್ನೇ. ಕಣಗಳ ಗಾತ್ರ ಹೆಚ್ಚುವುದಿಲ್ಲ, ಅವುಗಳ ಕಂಪನ ಹೆಚ್ಚಿ ನಡುವಿನ ಅಂತರ ಹೆಚ್ಚುತ್ತದೆ. ಆದ್ದರಿಂದ ಕೈಗಳನ್ನು ಎದೆಗೆ ಕಟ್ಟಿಕೊಂಡು, ಹೆಚ್ಚು ಹೆಚ್ಚು ಅಲುಗಾಡುತ್ತಾ, ಪರಸ್ಪರ ದೂರ ಸರಿಯುವಂತೆ ಮಾಡಿಸಬೇಕಿತ್ತು. ಆ ದಿನದಿಂದ ಪ್ರತಿ ಚಲನೆಯ ಪಾಠದ ಕೊನೆಗೂ ‘ನಮ್ಮ ಕುಣಿತದಲ್ಲಿ ಯಾವುದು ನಿಜವಲ್ಲ?’ ಎಂಬ ಪ್ರಶ್ನೆ ಇದ್ದೇ ಇರುತ್ತದೆ.

ಮಂಡ್ಯದ ಮಕ್ಕಳಿಗೆ ಆಲೆಮನೆಗಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ನೆಲದ ಮೇಲೆ ಕೊಪ್ಪರಿಗೆಯಷ್ಟು ದೊಡ್ಡ ವೃತ್ತ ಬರೆದು, ಮೂವತ್ತು ಮಕ್ಕಳಲ್ಲಿ ಇಪ್ಪತ್ತನಾಲ್ವರನ್ನು ನೀರಿನ ಕಣಗಳನ್ನಾಗಿಯೂ ಆರು ಜನರನ್ನು ಸಕ್ಕರೆಯ ಕಣಗಳನ್ನಾಗಿಯೂ ಒಳಗೆ ಬಿಡಿ. ತಮಟೆಯ ಪೆಟ್ಟು ಒಲೆಯ ಉರಿ. ಪೆಟ್ಟು ಬಿರುಸಾದಂತೆ ಚಲನೆ ಬಿರುಸಾಗಿ, ಅಂಚಿಗೆ ಬಂದ ನೀರಿನ ಕಣಗಳು ಒಬ್ಬೊಬ್ಬರಾಗಿ ಆವಿಯಾಗಿ ಹೊರಗೆ ಹಾರುತ್ತವೆ, ಸಕ್ಕರೆಯ ಕಣಗಳು ಮಾತ್ರ ಗೆರೆ ದಾಟುವಂತಿಲ್ಲ. ಕೊನೆಗೆ ಉಳಿದವರು ಒತ್ತೊತ್ತಾಗಿ ಅಚ್ಚಿನಲ್ಲಿ ನಿಂತ ಮೇಲೂ ನಿಂತಲ್ಲೇ ಸಣ್ಣಗೆ ಕಂಪಿಸುತ್ತಿರಬೇಕು, ಏಕೆಂದರೆ ಘನವಸ್ತುವಿನ ಕಣಗಳೂ ಸುಮ್ಮನಿರುವುದಿಲ್ಲ. ಇಲ್ಲಿ ನಿಜವಲ್ಲದ್ದು ಏನೆಂದು ಕೇಳಿದರೆ ಒಳ್ಳೆಯ ಚರ್ಚೆಯಾಗುತ್ತದೆ: ಕಬ್ಬಿನ ಹಾಲಿನಲ್ಲಿ ಮುಕ್ಕಾಲು ಪಾಲು ನೀರೇ ಎಂಬುದು ತೂಕದ ಮಾತು, ಸಕ್ಕರೆಯ ಒಂದು ಅಣು ನೀರಿನ ಅಣುವಿಗಿಂತ ಸುಮಾರು 19 ಪಟ್ಟು ಭಾರವಾಗಿರುವುದರಿಂದ, ಎಣಿಕೆಯ ಪ್ರಕಾರ ನಿಲ್ಲಿಸಹೊರಟರೆ ಇಡೀ ಶಾಲೆಯ ಮಕ್ಕಳೂ ಸಾಲುವುದಿಲ್ಲ.

ಚಂದ್ರನ ಒಂದೇ ಮುಖ ನಮಗೆ ಕಾಣುವುದೇಕೆ ಎಂಬ ಪ್ರಶ್ನೆಗೆ ದೇಹದಷ್ಟು ಸ್ಪಷ್ಟವಾದ ಉತ್ತರವನ್ನು ಯಾವ ಚಿತ್ರವೂ ಕೊಡದು. ನಡುವೆ ಒಂದು ಕುರ್ಚಿ ಭೂಮಿ. ಮಗು ಅದರ ಕಡೆಗೇ ಮುಖ ಮಾಡಿಕೊಂಡು ಅದರ ಸುತ್ತ ಅಡ್ಡಹೆಜ್ಜೆಯಲ್ಲಿ ಸುತ್ತಲಿ, ಕಾಲುಸುತ್ತಿಗೊಮ್ಮೆ ನಿಂತು ಕುರ್ಚಿಯ ಆಚೆ ಏನು ಕಾಣುತ್ತದೆಂದು ಹೇಳಲಿ: ಕರಿಹಲಗೆ, ಕಿಟಕಿ, ಹಿಂಗೋಡೆ, ಬಾಗಿಲು. ನಾಲ್ಕೂ ಗೋಡೆಗಳಿಗೆ ಮುಖ ಮಾಡಿದ್ದರಿಂದ ಮಗು ತನ್ನ ಸುತ್ತಲೂ ಒಂದು ಸಲ ತಿರುಗಿದೆ ಎಂಬುದು ಖಚಿತವಾಗುತ್ತದೆ. ಇನ್ನೊಮ್ಮೆ ಕರಿಹಲಗೆಯ ಕಡೆಗೆ ಮಾತ್ರ ಮುಖವಿಟ್ಟು ಸುತ್ತಿದರೆ ಕುರ್ಚಿಗೆ ಮುಖ, ಕಿವಿ, ಬೆನ್ನು ಎಲ್ಲವೂ ಕಾಣುತ್ತವೆ. ‘ಚಂದ್ರ ತಿರುಗುವುದೇ ಇಲ್ಲ, ಅದಕ್ಕೇ ಒಂದೇ ಮುಖ’ ಎನ್ನುವ ತಪ್ಪು ಅಲ್ಲಿಗೆ ಮುಗಿಯಿತು. ಅದರ ಸುತ್ತುವಿಕೆಗೂ ತಿರುಗುವಿಕೆಗೂ ಹಿಡಿಯುವ ಕಾಲ ಒಂದೇ, ಸುಮಾರು 27.3 ದಿನ.

ಸಮಾಜ ವಿಜ್ಞಾನಕ್ಕೆ ಒಂದು ಉದಾಹರಣೆ ಕೊಡುವಿರಾ?

ಕಾವೇರಿಯನ್ನೇ ತೆಗೆದುಕೊಳ್ಳೋಣ. ಎಡದಂಡೆ, ಬಲದಂಡೆ ಎಂಬ ಮಾತುಗಳನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕೇಳಿರುತ್ತಾರೆ, ಆದರೆ ಯಾರ ಎಡ ಎಂದು ಕೇಳಿದರೆ ತಡವರಿಸುತ್ತಾರೆ. ಮೈದಾನದಲ್ಲಿ ತಲಕಾವೇರಿಯಿಂದ ಸಂಗಮದವರೆಗೆ ನದಿಯ ದಾರಿಯನ್ನು ಸುಣ್ಣದ ಪುಡಿಯಲ್ಲಿ ಎಳೆದು, ನೀರು ಹರಿಯುವ ಕಡೆಗೆ ಮುಖ ಮಾಡಿ ನಡೆಸಿದರೆ ಸಂದೇಹ ಉಳಿಯುವುದಿಲ್ಲ. ಹಾರಂಗಿ, ಹೇಮಾವತಿ, ಲೋಕಪಾವನಿ, ಶಿಂಷಾ, ಅರ್ಕಾವತಿಯಾದ ಮಕ್ಕಳು ಎಡಗೈಯ ಕಡೆಯಿಂದಲೂ ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿಯಾದವರು ಬಲಗೈಯ ಕಡೆಯಿಂದಲೂ ಬಂದು ಸೇರುತ್ತಾರೆ. ಶ್ರೀರಂಗಪಟ್ಟಣದಲ್ಲಿಯೂ ಶಿವನಸಮುದ್ರದಲ್ಲಿಯೂ ಸಾಲು ಎರಡಾಗಿ ಒಡೆದು ಮತ್ತೆ ಕೂಡುತ್ತದೆ. ಇದಕ್ಕೆ ಕಾಲವನ್ನೂ ಸೇರಿಸಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯತೊಡಗಿದಾಗ ನದಿಗೆ ಅಡ್ಡವಾಗಿ ಕೃಷ್ಣರಾಜಸಾಗರ ಇರಲಿಲ್ಲ. ಮಳೆಗಾಲದ ತಾಳದಲ್ಲಿ ಮಕ್ಕಳು ಧಾವಿಸಿ, ಬೇಸಿಗೆಯ ತಾಳದಲ್ಲಿ ಒಬ್ಬಿಬ್ಬರಷ್ಟೇ ಹರಿದಾಗ ಶಿವನಸಮುದ್ರದಲ್ಲಿ ಚಕ್ರವಾಗಿ ನಿಂತವರ ತಿರುಗಾಟ ನಿಲ್ಲುತ್ತದೆ. 1911ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟನ್ನು ಕೈ ಕೈ ಹಿಡಿದ ಸಾಲಾಗಿ ನಿಲ್ಲಿಸಿ ಮತ್ತೆ ಆಡಿಸಿದರೆ, ನೀರಾವರಿಯ ಜೊತೆಗೆ ಬೇಸಿಗೆಯ ವಿದ್ಯುತ್ತೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತೆಂಬುದು ತಾನಾಗಿ ಹೊರಬರುತ್ತದೆ.

ಇಂಗ್ಲಿಷಿಗೆ?

ಕ್ರಿಯಾಪದಗಳಿಗೂ ‘ಅಂಡರ್’, ‘ಓವರ್’, ‘ಥ್ರೂ’ ಮುಂತಾದ ಪದಗಳಿಗೂ ಬಹಳ ಉಪಯುಕ್ತ. ನಾವು ‘ಮೇಜಿನ ಕೆಳಗೆ’ ಎನ್ನುವಲ್ಲಿ ಇಂಗ್ಲಿಷ್ ‘ಕೆಳಗೆ’ ಎಂಬುದನ್ನು ಮೊದಲು ಹೇಳುತ್ತದೆ. ಆ ಕ್ರಮಭೇದ ದೇಹಕ್ಕೆ ಹತ್ತಿದರೆ ಬಾಯಿಗೂ ಹತ್ತುತ್ತದೆ.

ನನಗೆ ಕುಣಿಯಲು ಬರುವುದಿಲ್ಲ. ನೃತ್ಯ ಶಿಕ್ಷಕರೇ ಬೇಕೇ?

ಬೇಡ. ಮೇಲಿನ ಯಾವ ಉದಾಹರಣೆಯಲ್ಲಿಯೂ ನಡೆಯುವುದು, ನಿಲ್ಲುವುದು, ತಿರುಗುವುದು, ಎಣಿಸುವುದು ಇವುಗಳಿಗಿಂತ ಹೆಚ್ಚಿನ ಕೌಶಲವಿಲ್ಲ. ಶಿಕ್ಷಕರಿಗೆ ಗೊತ್ತಿರಬೇಕಾದದ್ದು ತಮ್ಮ ವಿಷಯ. ವಿಷಯ ಗಟ್ಟಿಯಿಲ್ಲದವರು ಒಳ್ಳೆಯ ನರ್ತಕರಾಗಿದ್ದರೆ ಅಪಾಯ ಇನ್ನೂ ಹೆಚ್ಚು. ದೈಹಿಕ ಶಿಕ್ಷಣ ಶಿಕ್ಷಕರಿದ್ದರೆ ತಾಳ ಹಿಡಿಯಲು ಅವರನ್ನು ಕರೆಯಿರಿ, ಕವಾಯತಿನ ಎಣಿಕೆ ಅವರಿಗೆ ಕರಗತ. ಊರಿನಲ್ಲಿ ತಮಟೆ ಬಾರಿಸುವವರು, ಕೋಲಾಟ ಕಲಿಸುವ ಹಿರಿಯರು ಇದ್ದರೆ ಶಾಲಾಭಿವೃದ್ಧಿ ಸಮಿತಿಯ ಮೂಲಕ ಗೌರವದಿಂದ ಕರೆಸಿಕೊಳ್ಳಬಹುದು.

ಕೊಠಡಿ ಚಿಕ್ಕದು, ಪಕ್ಕದ ತರಗತಿಗೆ ಗಲಾಟೆಯಾಗುತ್ತದೆ. ಏನು ಮಾಡಬೇಕು?

ಚಲನೆ ಎಂದರೆ ಓಡಾಟವೇ ಆಗಬೇಕಿಲ್ಲ. ಮೈಸೂರು ಬಾನಿಯ ಭರತನಾಟ್ಯದಲ್ಲಿ ಜಟ್ಟಿ ತಾಯಮ್ಮನವರೂ ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರೂ ಹೆಸರಾದದ್ದು ಅಭಿನಯಕ್ಕೆ. ಕಣ್ಣು, ಹುಬ್ಬು, ಕೈಗಳಲ್ಲಿ ಎಷ್ಟು ಹೇಳಬಹುದೆಂಬುದಕ್ಕೆ ಆ ಪರಂಪರೆಯೇ ಸಾಕ್ಷಿ. ಲ.ಸಾ.ಅ. ಪಾಠವನ್ನು ಬೆಂಚಿನ ಮೇಲೆ ಕುಳಿತು ಎರಡು ಬೆರಳಿನಿಂದ ತಟ್ಟಿಯೂ ಮಾಡಬಹುದು. ಜಾಗ ಬೇಕೇಬೇಕಾದ ಪಾಠವನ್ನು ಬೆಳಗಿನ ಮೊದಲ ಅವಧಿಗೆ ಇಟ್ಟುಕೊಂಡು ಮೈದಾನಕ್ಕೆ ಹೋಗಿ, ಬಿಸಿಯೂಟದ ನಂತರದ ಅವಧಿಯಲ್ಲಂತೂ ಬೇಡ. ಸಿಮೆಂಟು ನೆಲದ ಮೇಲೆ ಬರಿಗಾಲಿನಲ್ಲಿ ಜೋರಾಗಿ ತಟ್ಟಿಸಬೇಡಿ, ಹಿಮ್ಮಡಿ ನೋಯುತ್ತದೆ. ಆರಂಭದ ಮತ್ತು ನಿಲುಗಡೆಯ ಸಂಕೇತಗಳನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ಒಂದು ಪೆಟ್ಟಿಗೆ ಎಲ್ಲರೂ ಶಿಲೆಯಂತೆ ನಿಲ್ಲುವುದು ಬಂದ ಮೇಲೆ ಉಳಿದದ್ದು ಸುಲಭ.

ನಾಚುವ ಮಕ್ಕಳು, ಬೇಡವೆನ್ನುವ ಪೋಷಕರು, ನಡೆಯಲಾಗದ ಮಕ್ಕಳು: ಇವರನ್ನು ಹೇಗೆ ಒಳಗೊಳ್ಳುವುದು?

ಎಂಟನೆಯ ತರಗತಿಯ ಮಗುವನ್ನು ಎಲ್ಲರ ಮುಂದೆ ಒಂಟಿಯಾಗಿ ಕುಣಿಸುವುದು ಶಿಕ್ಷೆಯೇ ಸರಿ. ಎಲ್ಲರೂ ಏಕಕಾಲಕ್ಕೆ ಚಲಿಸುವಾಗ ನೋಡುವವರೇ ಇರುವುದಿಲ್ಲ, ನಾಚಿಕೆಯೂ ಕಡಿಮೆಯಾಗುತ್ತದೆ. ಹುಡುಗ ಹುಡುಗಿಯರು ಕೈ ಹಿಡಿಯಲು ಹಿಂಜರಿದರೆ ಟವೆಲ್ಲಿನ ಅಥವಾ ಹಗ್ಗದ ಎರಡು ತುದಿ ಹಿಡಿಯಲಿ. ‘ಹೆಣ್ಣುಮಕ್ಕಳನ್ನು ಕುಣಿಸುತ್ತಾರಂತೆ’ ಎಂದು ಬಂದ ತಂದೆಯೊಬ್ಬರನ್ನು ನಾನು ವಾದಕ್ಕೆ ಕರೆಯದೆ ತರಗತಿಯ ಬಾಗಿಲಲ್ಲಿ ನಿಂತು ಪಾಠ ನೋಡುವಂತೆ ಕೇಳಿಕೊಂಡೆ. ಛಂದಸ್ಸಿನ ಎಣಿಕೆ ಕೇಳಿಸಿಕೊಂಡು, ‘ಇದು ಪಾಠವೇ ಬಿಡಿ ಮೇಷ್ಟ್ರೇ’ ಎಂದು ಹೊರಟುಹೋದರು. ಗಾಲಿಕುರ್ಚಿಯಲ್ಲಿರುವ ಮಗುವಿಗೆ ತಾಳ ಹಿಡಿಯುವ ಕೆಲಸವನ್ನೇ ಯಾವಾಗಲೂ ಕೊಡುವುದು ಅನುಕೂಲದ ದಾರಿ, ನ್ಯಾಯದ ದಾರಿಯಲ್ಲ. ಚಂದ್ರನ ಸುತ್ತುವಿಕೆಯನ್ನು ಗಾಲಿಕುರ್ಚಿಯಲ್ಲಿ ಇನ್ನೂ ಚೆನ್ನಾಗಿ ತೋರಿಸಬಹುದು.

ಕಂಸಾಳೆ, ಪೂಜಾ ಕುಣಿತಗಳನ್ನು ಪಾಠಕ್ಕೆ ಬಳಸಬಹುದೇ?

ಬಳಸಬಹುದು, ಆದರೆ ಅವು ನಂಬಿಕೆಗೆ ಸೇರಿದ ಕಲೆಗಳೆಂಬುದನ್ನು ಮರೆಯಬಾರದು. ಕಂಸಾಳೆ ಎಂಬ ಕಂಚಿನ ತಾಳವು ಮಲೆ ಮಹದೇಶ್ವರನ ಗುಡ್ಡರ, ಅಂದರೆ ದೀಕ್ಷೆ ಪಡೆದ ಭಕ್ತರ, ಕೈಯ ದೀಕ್ಷೆಯ ವಸ್ತು. ಅದರ ಹೆಜ್ಜೆಗೆ ಬೇರೆ ಪದಗಳನ್ನು ತುಂಬಿ ಆವರ್ತಕೋಷ್ಟಕ ಹಾಡಿಸುವುದು ನನಗೆ ಸರಿಯೆನಿಸುವುದಿಲ್ಲ. ಕಲಾವಿದರೇ ಬಂದು ನುಡಿಸಿದಾಗ, ಕಂಚಿನ ಬಟ್ಟಲಿನ ಅಂಚನ್ನು ಬೆರಳಿನಿಂದ ಮುಟ್ಟಿ ಕಂಪನವನ್ನು ಅರಿಯುವುದು, ಹಿಡಿದ ಕೂಡಲೇ ನಾದ ನಿಲ್ಲುವುದನ್ನು ಗಮನಿಸುವುದು ಶಬ್ದದ ಪಾಠಕ್ಕೆ ಸಹಜವಾಗಿ ಹೊಂದುತ್ತದೆ. ಕಲಾವಿದರಿಗೆ ಸಂಭಾವನೆ ಕೊಡಲು ಆಗದಿದ್ದರೆ ಕರೆಯಬೇಡಿ.

ಮಕ್ಕಳು ಹೀಗೆ ಹೆಚ್ಚು ಕಲಿಯುತ್ತಾರೆ ಎನ್ನಲು ಆಧಾರವಿದೆಯೇ?

ಕೇಳಿದ ಅಥವಾ ಓದಿದ ಕ್ರಿಯೆಗಿಂತ ತಾನೇ ಮಾಡಿದ ಕ್ರಿಯೆ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂಬುದನ್ನು ಸ್ಮರಣೆಯ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಗಣಿತ ಕಲಿಯುವಾಗ ಕೈಸನ್ನೆಗಳು ನೆರವಾಗುತ್ತವೆಂಬುದಕ್ಕೂ ಆಧಾರವಿದೆ. ಆದರೆ ‘ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕುಣಿದು ಕಲಿಯುವವರು’ ಎಂದು ಮಕ್ಕಳನ್ನು ವಿಂಗಡಿಸಿ ಅವರವರ ಶೈಲಿಗೆ ಪಾಠ ಮಾಡಿದರೆ ಫಲ ಹೆಚ್ಚೆಂಬ ಜನಪ್ರಿಯ ಮಾತಿಗೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ತರಬೇತಿಗಳಲ್ಲಿ ಅದನ್ನು ಇಂದಿಗೂ ಹೇಳುತ್ತಾರೆ. ಚಂದ್ರನ ಚಲನೆ ಎಲ್ಲ ಮಕ್ಕಳಿಗೂ ಚಲನೆಯೇ ಆದ್ದರಿಂದ ಎಲ್ಲರೂ ನಡೆದು ನೋಡಬೇಕು.

ಮೌಲ್ಯಮಾಪನ ಹೇಗೆ?

ಕುಣಿತಕ್ಕೆ ಅಂಕ ಕೊಡಬೇಡಿ. ಕುಣಿದಾದ ಮೇಲೆ ಐದು ನಿಮಿಷ ಬರೆಸಿ: ಏನು ಮಾಡಿದೆವು, ಅದು ಏನನ್ನು ತೋರಿಸಿತು, ಎಲ್ಲಿ ಹೊಂದಲಿಲ್ಲ. ಆ ಬರಹವನ್ನು ರೂಪಣಾತ್ಮಕ ಮೌಲ್ಯಮಾಪನದ ದಾಖಲೆಯಾಗಿ ಇಟ್ಟುಕೊಳ್ಳಬಹುದು. ಬರೆಯದೆ ಬಿಟ್ಟ ಕುಣಿತ ವಾರದೊಳಗೆ ಆಟವಾಗಿ ನೆನಪಿರುತ್ತದೆ, ಪಾಠವಾಗಿ ಅಲ್ಲ.

ಎಲ್ಲ ಪಾಠಗಳನ್ನೂ ಹೀಗೆ ಮಾಡಬಹುದೇ?

ಮಾಡಬಾರದು. ಚಲನೆ, ಅಂತರ, ಕ್ರಮ, ಆವರ್ತ, ಸಂಬಂಧ ಇವುಗಳಲ್ಲಿ ಒಂದಾದರೂ ತಿರುಳಿನಲ್ಲಿರುವ ಪಾಠಗಳನ್ನಷ್ಟೇ ಆರಿಸಿಕೊಳ್ಳಿ. ಸಂವಿಧಾನದ ಮೂಲಭೂತ ಹಕ್ಕುಗಳಿಗೆ ಚರ್ಚೆಯೇ ಉತ್ತಮ, ರಾಸಾಯನಿಕ ಸೂತ್ರಗಳಿಗೆ ಬರೆದು ತಿದ್ದುವುದೇ ದಾರಿ. ಬರಗಾಲ, ಯುದ್ಧ, ದೇಶವಿಭಜನೆಯಂತಹ ಪಾಠಗಳಲ್ಲಿ ಮಕ್ಕಳನ್ನು ನರಳುವವರಂತೆ ಅಭಿನಯಿಸಲು ಹಚ್ಚುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಒಬ್ಬರು ಅತ್ತಂತೆ ನಟಿಸಿದೊಡನೆ ಉಳಿದವರು ನಗುತ್ತಾರೆ. ನನ್ನ ಲೆಕ್ಕದಲ್ಲಿ ಒಂದು ವಿಷಯಕ್ಕೆ ವರ್ಷದಲ್ಲಿ ಆರೇಳು ಪಾಠಗಳು ಸಿಕ್ಕಿದರೆ ಹೆಚ್ಚು. ಮೊದಲ ಸಲ ಮಾಡುವವರು ಲ.ಸಾ.ಅ. ಪಾಠದಿಂದ ಆರಂಭಿಸಲಿ; ಅದಕ್ಕೆ ಬೇಕಾಗುವುದು ಹತ್ತು ನಿಮಿಷ ಮತ್ತು ಎರಡು ಗುಂಪು ಮಾತ್ರ.